ಯಾರು ಮಾಡಿದ ಪಾಪವೋ?

ಹುಟ್ಟಿದ ಮಗುವಿನ ಕಾಲಿಗೆ ಬಲವಿಲ್ಲವೆಂದು ತಿಳಿದಾಗ ನಮ್ಮ ಬಾಯಿಂದ ಬರುವ ಮೊದಲ ಮಾತು ಯಾವುದು? "ಅಯ್ಯೋ, ಯಾರು ಮಾಡಿದ ಪಾಪವೋ!" ಕನಿಕರದಿಂದಲೇ ಹಾಗೆನ್ನುತ್ತೇವೆ. ಆದರೆ ಆ ಮಾತು ಹೆತ್ತ ತಾಯಿಯ ಎದೆಗೆ ಹೇಗೆ ನಾಟುತ್ತದೆಂದು ನಾವು ಯೋಚಿಸಿರುವುದಿಲ್ಲ.

ಇದೇ ಭಾವವನ್ನು ಹೆಸರಿನಲ್ಲಿ ಹೊತ್ತ ಪ್ರಸಿದ್ಧ ಚಿತ್ರವೊಂದು ಸ್ಪೇನ್ ದೇಶದಲ್ಲಿದೆ. 1899ರಲ್ಲಿ ಹೋವಾಕಿನ್ ಸೊರೋಯಾ ಎಂಬ ಕಲಾವಿದರು ಬರೆದ ಆ ಚಿತ್ರದ ಹೆಸರು 'ತ್ರಿಸ್ತೆ ಎರೆನ್ಸಿಯಾ'. ಅಂದರೆ, ಹೆತ್ತವರಿಂದ ಮಕ್ಕಳಿಗೆ ಬಂದ ದುಃಖದ ಆಸ್ತಿ.

ಸೊರೋಯಾ ಅವರಿಗೂ ಬಾಲ್ಯದಲ್ಲೇ ದುಃಖ ಬಂದಿತ್ತು. 1863ರಲ್ಲಿ ವಲೆನ್ಸಿಯಾ ಪಟ್ಟಣದಲ್ಲಿ ಹುಟ್ಟಿದ ಅವರು, 1865ರ ಕಾಲರಾ ಬೇನೆಯಲ್ಲಿ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡರು. ಅವರನ್ನೂ ಅವರ ಪುಟ್ಟ ತಂಗಿಯನ್ನೂ ಸಾಕಿದವರು ತಾಯಿಯ ಸಹೋದರಿ ಮತ್ತು ಅವರ ಗಂಡ. ಆ ಚಿಕ್ಕಪ್ಪ ಬೀಗ ತಯಾರಿಸುವ ಕಸುಬಿನವರು. ಹುಡುಗ ಅವರ ಕಾರ್ಖಾನೆಯಲ್ಲಿ ದುಡಿಯುತ್ತಾ ಸಂಜೆ ಚಿತ್ರಕಲೆಯ ಶಾಲೆಗೆ ಹೋದ.

ಮುಂದೆ ಕಲಾವಿದರಾಗಿ ಹೆಸರು ಮಾಡಿದ ಮೇಲೆ, ಒಂದು ದಿನ ವಲೆನ್ಸಿಯಾದ ಕಡಲ ತೀರದಲ್ಲಿ ಬೆಸ್ತರ ಚಿತ್ರ ಬರೆಯುತ್ತಿದ್ದಾಗ ದೂರದಲ್ಲಿ ಮಕ್ಕಳ ಗುಂಪೊಂದು ಅವರ ಕಣ್ಣಿಗೆ ಬಿತ್ತು. ಜೊತೆಯಲ್ಲಿ ಕಪ್ಪು ನಿಲುವಂಗಿಯ ಧಾರ್ಮಿಕ ಸಹೋದರರೊಬ್ಬರಿದ್ದರು. ದೇವರ ಸಂತ ಯೊವಾನ್ನರ ಸಭೆಯವರು ನಡೆಸುತ್ತಿದ್ದ ಆಸ್ಪತ್ರೆಯ ಮಕ್ಕಳವರು, ಸಮುದ್ರಸ್ನಾನಕ್ಕೆ ಬಂದಿದ್ದರು. ಸೊರೋಯಾ ಮಠದ ಹಿರಿಯರ ಅಪ್ಪಣೆ ಪಡೆದು ಅಲ್ಲೇ ಚಿತ್ರಿಸಿದರು.

ಎರಡು ಮೀಟರಿಗೂ ಹೆಚ್ಚು ಎತ್ತರ, ಮೂರು ಮೀಟರಿಗೆ ಹತ್ತಿರ ಅಗಲದ ದೊಡ್ಡ ಚಿತ್ರವದು. ಹಿಂದೆ ಕಡುನೀಲಿ ಕಡಲು. ಮುಂದೆ ಸೊರಗಿದ ಬರಿಮೈಯ ಮಕ್ಕಳು, ಕೆಲವರ ಕೈಯಲ್ಲಿ ಊರುಗೋಲು. ನಡುವೆ ಕಾಲು ಬತ್ತಿದ ಹುಡುಗನೊಬ್ಬ. ಅವನತ್ತ ಬಾಗಿ ಅವನನ್ನು ಹಿಡಿದುಕೊಂಡಿರುವ ಸಹೋದರರು.

ತಂದೆತಾಯಿಯರ ಕೆಟ್ಟ ನಡತೆಯೇ ಮಕ್ಕಳ ಅಂಗವೈಕಲ್ಯಕ್ಕೆ ಕಾರಣವೆಂದು ಆ ಕಾಲದ ಬಹಳ ಜನ ನಂಬಿದ್ದರು. ಚಿತ್ರದ ಹೆಸರು ಬಂದದ್ದು ಆ ನಂಬಿಕೆಯಿಂದಲೇ. ಆದರೆ ನಡುವಿನ ಹುಡುಗನ ಕಾಲು ನೋಡಿದರೆ ಅದು ಪೋಲಿಯೊ ಎನಿಸುತ್ತದೆ. ಆ ರೋಗಕ್ಕೆ ವೈರಾಣು ಕಾರಣವೆಂದು 1908ರಲ್ಲಿ ವಿಯೆನ್ನಾದ ವೈದ್ಯರು ತೋರಿಸಿಕೊಟ್ಟರು. 1955ರಲ್ಲಿ ಲಸಿಕೆ ಬಂತು. ಮನೆಮನೆಗೆ ಬಂದು ಹಾಕಿದ ಎರಡು ಹನಿಗಳ ಫಲವಾಗಿ 2014ರಲ್ಲಿ ನಮ್ಮ ಭಾರತವೂ ಪೋಲಿಯೊಮುಕ್ತವೆಂದು ಘೋಷಿತವಾಯಿತು. ಪಾಪದ ಫಲವಾಗಿದ್ದರೆ ಹನಿಗಳಿಂದ ಹೋಗುತ್ತಿತ್ತೇ?

ವಿಜ್ಞಾನಕ್ಕಿಂತ ಎಷ್ಟೋ ಮುಂಚೆ ಪ್ರಭು ಯೇಸು ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಯೊವಾನ್ನರ ಶುಭಸಂದೇಶದ 9ನೇ ಅಧ್ಯಾಯವನ್ನು ನೆನೆಯೋಣ. ಹುಟ್ಟುಕುರುಡನನ್ನು ಕಂಡ ಶಿಷ್ಯರು, ಇದು ಇವನ ಪಾಪವೋ ಹೆತ್ತವರ ಪಾಪವೋ ಎಂದು ಕೇಳುತ್ತಾರೆ. ಯಾರದ್ದೂ ಅಲ್ಲ ಎನ್ನುತ್ತಾರೆ ಪ್ರಭು. ಅಷ್ಟಕ್ಕೇ ನಿಲ್ಲದೆ, ಮಣ್ಣು ಕಲಸಿ ಅವನ ಕಣ್ಣಿಗೆ ಹಚ್ಚುತ್ತಾರೆ. ಶಿಷ್ಯರು ತಪ್ಪಿತಸ್ಥರನ್ನು ಹುಡುಕುತ್ತಿದ್ದರು, ಪ್ರಭು ಕೈಚಾಚಿದರು. ಚಿತ್ರದ ಹೆಸರು ಶಿಷ್ಯರ ಪ್ರಶ್ನೆಯಂತಿದ್ದರೆ, ಆ ಸಹೋದರರ ಕೈ ಪ್ರಭುವಿನ ಉತ್ತರದಂತಿದೆ.

1900ರಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಸೊರೋಯಾ ಅವರಿಗೆ ಅತ್ಯುನ್ನತ ಬಹುಮಾನ ದೊರೆಯಿತು. ಆದರೂ ಈ ಚಿತ್ರ ಬರೆಯುವಾಗ ಬಹಳ ನೊಂದೆನೆಂದು ಅವರು ಹೇಳಿಕೊಂಡರು. ಮುಂದೆ ಅವರು ಹೆಚ್ಚಾಗಿ ಬರೆದದ್ದು ಬಿಸಿಲು ತುಂಬಿದ ತೀರಗಳನ್ನು, ನೀರಲ್ಲಿ ನಲಿಯುವ ಮಕ್ಕಳನ್ನು. 1923ರಲ್ಲಿ ಅವರು ತೀರಿಕೊಂಡರು. ಈ ಚಿತ್ರ ಬಹುಕಾಲ ನ್ಯೂಯಾರ್ಕಿನ ಒಂದು ಆಂಗ್ಲಿಕನ್ ದೇವಾಲಯದಲ್ಲಿತ್ತು. 1981ರಲ್ಲಿ ವಲೆನ್ಸಿಯಾದ ಬ್ಯಾಂಕೊಂದು ಕೊಂಡಿದ್ದರಿಂದ ಹುಟ್ಟೂರಿಗೆ ಮರಳಿತು.

ನಮ್ಮ ಧರ್ಮಕೇಂದ್ರಗಳಲ್ಲೂ ಇಂಥ ಮಕ್ಕಳಿದ್ದಾರೆ. ಕೆಲವರನ್ನು ಮನೆಯವರು ಭಾನುವಾರದ ಬಲಿಪೂಜೆಗೂ ಕರೆತರುವುದಿಲ್ಲ. ಜನರ ಮಾತಿಗೆ ಹೆದರುತ್ತಾರೆ. ಆ ಹೆದರಿಕೆಯನ್ನು ಹೋಗಲಾಡಿಸಬೇಕಾದವರು ನಾವೇ. ದೇವಾಲಯದ ಮೆಟ್ಟಿಲ ಪಕ್ಕದಲ್ಲಿ ಗಾಲಿಕುರ್ಚಿಗೊಂದು ಇಳಿಜಾರು ದಾರಿ ಮಾಡೋಣ. ಜ್ಞಾನೋಪದೇಶದ ತರಗತಿಯಲ್ಲಿ ಆ ಮಗುವಿಗೂ ಜಾಗ ಕೊಡೋಣ. ಮುಂದಿನ ಸಲ "ಯಾರು ಮಾಡಿದ ಪಾಪವೋ" ಎಂಬ ಮಾತು ನಾಲಿಗೆಗೆ ಬಂದರೆ ಅದನ್ನು ನುಂಗಿಕೊಂಡು, ಆ ತಾಯಿಯ ಬಳಿ ಹೋಗಿ "ನಾವೇನು ಮಾಡಲಿ ಅಮ್ಮಾ?" ಎಂದು ಕೇಳೋಣ.