ಹೊಲದ ನೀರು ಹೊಲದಲ್ಲಿ: ದೊಡ್ಡ ಗುರಿಗೆ ಅರ್ಧ ಎಕರೆಯ ಪರೀಕ್ಷೆ



ಬಸವನ ಬಾಗೇವಾಡಿ ಸೀಮೆಯ ಒಣ ಹೊಲದ ರೈತನನ್ನು ನಿಲ್ಲಿಸಿ, "ಈ ವರ್ಷ ನಿಮ್ಮ ಗುರಿ ಏನು?" ಎಂದು ಕೇಳಿ ನೋಡಿರಿ. "ಗುರಿ ಎಲ್ಲಿಂದ ಬಂತ್ರಿ ಸಾಹೇಬರ! ಮಳಿ ಬಂದ್ರ ಬೆಳಿ, ಇಲ್ಲಂದ್ರ ಇಲ್ಲ" ಎನ್ನುವರು. ಈ ಮಾತು ಬರಿಯ ಆಲಸ್ಯದ ಮಾತಲ್ಲ. 1876-77ರ ಬರಗಾಲದಲ್ಲಿ ಆಗಿನ ಕಲಾದಗಿ ಜಿಲ್ಲೆ, ಎಂದರೆ ಇಂದಿನ ವಿಜಯಪುರ-ಬಾಗಲಕೋಟೆಗಳ ಸೀಮೆ, ಅನ್ನ ಮೇವುಗಳಿಲ್ಲದೆ ತತ್ತರಿಸಿತು. ಆ ಅಂಜಿಕೆ ನಮ್ಮ ರಕ್ತದಲ್ಲಿಯೇ ಇದೆ.

ಆದರೂ ಇಂದು ನಿಮ್ಮ ಮುಂದೆ ಒಂದು ದೊಡ್ಡ ಗುರಿಯನ್ನು ಇಡುತ್ತೇವೆ. ಮಳೆ ಕಡಿಮೆಯಾದ ವರ್ಷವೂ ಮನೆಯ ಜೋಳ ಅಂಗಡಿಯಿಂದ ಬರಬಾರದು. ಕಣಕಿ ಇಲ್ಲವೆಂದು ಎತ್ತುಗಳು ಸಂತೆಗೆ ಹೋಗಬಾರದು. ಇದು ಆದೀತೇ ಎಂದು ಕೇಳುವಿರಿ. ಮೊದಲು ಲೆಕ್ಕ ನೋಡೋಣ.

ದೊಡ್ಡ ಗುರಿ ಎಂದೊಡನೆ ನಮಗೆ ನೆನಪಾಗುವುದು ಆಲಮಟ್ಟಿ ಅಣೆಕಟ್ಟು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಮರು ಅದನ್ನು ನಾಡಿಗೆ ಅರ್ಪಿಸಿದರು. ನಡುವೆ 42 ವರ್ಷ ಕಳೆದವು. ಎಷ್ಟೋ ಊರುಗಳು ಹಿನ್ನೀರಿನಲ್ಲಿ ಮುಳುಗಿದವು; ಹಳೆ ಬಾಗಲಕೋಟೆಯ ದೊಡ್ಡ ಭಾಗವೂ ನೀರಿನ ಪಾಲಾಯಿತು. ಅಷ್ಟಾದ ಮೇಲೂ ಕಾಲುವೆ ಮುಟ್ಟದ ಹೊಲಗಳು ನಮ್ಮಲ್ಲಿ ಇನ್ನೂ ಇವೆ. ಆ ಹೊಲಗಳವರು ಕಾಲುವೆಯ ದಾರಿಯನ್ನಷ್ಟೇ ಕಾಯುತ್ತ ಕೂಡಬೇಕೇ? ಬೇಕಿಲ್ಲ. ನಿಮ್ಮ ಹೊಲವೇ ಒಂದು ಕೆರೆ.

ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 4,000 ಲೀಟರ್ ನೀರು. ನಮ್ಮ ಸೀಮೆಗೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಎಂದರೆ ಒಂದೊಂದು ಎಕರೆಗೆ 24 ಲಕ್ಷ ಲೀಟರ್! ಇದರಲ್ಲಿ ಎಷ್ಟೋ ನೀರು ಮೇಲ್ಮಣ್ಣನ್ನೂ ಕೊಚ್ಚಿಕೊಂಡು ಹಳ್ಳಕ್ಕೆ ಹರಿದುಹೋಗುತ್ತದೆ. ಹಿಂಗಾರಿ ಬಿಳಿಜೋಳವಾದರೋ ಮಣ್ಣೊಳಗಿನ ಹಸಿಯ ಮೇಲೆಯೇ ಬದುಕುವ ಬೆಳೆ. ಹಸಿ ಎಷ್ಟು ಉಳಿಯಿತೋ ತೆನೆ ಅಷ್ಟು ತುಂಬೀತು.

ನೀರಾವರಿ ಇಲ್ಲದೆಯೂ ಇಂಥ ನೆಲದಲ್ಲಿ ಬೆಳೆಯನ್ನು ಭದ್ರ ಮಾಡಬಹುದೆಂಬ ಧೈರ್ಯದಿಂದ 1930ರ ದಶಕದಲ್ಲಿಯೇ ವಿಜಾಪುರದಲ್ಲಿ ಒಣಬೇಸಾಯದ ಸಂಶೋಧನೆ ಆರಂಭವಾಯಿತು. ಇಂದು ಧಾರವಾಡ ಕೃಷಿ ವಿಶ್ವವಿದ್ಯಾಲಯದ ವಿಜಯಪುರ ಕೇಂದ್ರ ಅದೇ ಕೆಲಸವನ್ನು ನಡೆಸಿದೆ. ಅಲ್ಲಿಂದ ಬಂದ ಸಲಹೆಗಳಲ್ಲಿ ಮುಖ್ಯವಾದುದು ಚೌಕು ಮಡಿ.

ಮಾಡುವ ಬಗೆ ಸುಲಭ. ಸ್ವಲ್ಪ ಇಳಿಜಾರು ಇರುವ ಎರೆ ಹೊಲವನ್ನು ಜೂನ್-ಜುಲೈದಲ್ಲಿ ಹರಗಿ, ಕಸ ತೆಗೆದು, ಉದ್ದಕ್ಕೂ ಅಡ್ಡಕ್ಕೂ ಗೇಣಿಗೂ ಕಡಿಮೆ ಎತ್ತರದ ಸಣ್ಣ ಬದುಗಳನ್ನು ಎಳೆಯಿರಿ. ಹತ್ತು ಅಡಿಗೆ ಹತ್ತು ಅಡಿ, ಇಳಿಜಾರು ಕಡಿಮೆ ಇದ್ದಲ್ಲಿ ಹದಿನೈದಕ್ಕೆ ಹದಿನೈದು ಅಡಿ ಚೌಕಗಳಾಗಲಿ. ಬಿದ್ದ ಮಳೆ ಚೌಕದಲ್ಲಿ ನಿಂತು ಒಳಗೆ ಇಂಗುತ್ತದೆ. ದೊಡ್ಡ ಮಳೆಯ ಹೆಚ್ಚಿನ ನೀರು ಹೋಗಲು ಹೊಲದ ಹಾದಿಯನ್ನು ಮಾತ್ರ ತೆರೆದಿಡಿರಿ. ಉತ್ತರಿ, ಹಸ್ತ ಮಳೆಗಳ ಹೊತ್ತಿಗೆ ಮಡಿಗಳನ್ನು ಹರಗಿ ಸಮ ಮಾಡಿ ಬಿತ್ತಿರಿ. ಎಕರೆಗೆ ಮೂರು ಕಿಲೋ ಬೀಜ ಸಾಕು. "ಬೀಜ ಕಡಿಮಿ ಹಾಕಿದ್ರ ಹೊಲ ತೆಳ್ಳಗ ಕಾಣತೈತಲ್ರಿ" ಎನ್ನಬೇಡಿರಿ. ಪಂಕ್ತಿಗೆ ಹೆಚ್ಚು ಜನ ಕುಳಿತರೆ ಒಬ್ಬರಿಗೂ ಹೊಟ್ಟೆ ತುಂಬದು; ಬೆಳೆಯೂ ಹಾಗೆಯೇ. ಆ ಮೇಲೆ ಎರಡು ಮೂರು ಸಲ ಎಡೆ ಹೊಡೆದರೆ ಕಸ ಸಾಯುತ್ತದೆ, ನೆಲದ ಬಿರುಕು ಮುಚ್ಚುತ್ತದೆ, ಹಸಿ ಉಳಿಯುತ್ತದೆ.

ಇನ್ನು ಮುಖ್ಯ ಮಾತು. ಗುರಿ ದೊಡ್ಡದಿರಲಿ, ಮೊದಲ ಹೆಜ್ಜೆ ಸಣ್ಣದಿರಲಿ. ಹೊಸದೊಂದನ್ನು ಕೇಳಿದೊಡನೆ ಇದ್ದ ಹೊಲವನ್ನೆಲ್ಲ ಅದಕ್ಕೇ ಒಡ್ಡುವುದು ಧೈರ್ಯವಲ್ಲ, ಜೂಜು. ಒಂದು ಎಕರೆ ಆರಿಸಿರಿ. ಅರ್ಧ ಎಕರೆಗೆ ಚೌಕು ಮಡಿ ಮಾಡಿರಿ; ಪಕ್ಕದ ಅರ್ಧ ಎಕರೆಯನ್ನು ಎಂದಿನಂತೆ ಬಿಡಿರಿ. ಎರಡಕ್ಕೂ ಒಂದೇ ಬೀಜ, ಒಂದೇ ದಿನದ ಬಿತ್ತಿಗೆ, ಒಂದೇ ಗೊಬ್ಬರ. ರಾಶಿಯ ದಿನ ಕಾಳನ್ನು ಬೇರೆ ಬೇರೆ ತೂಗಿರಿ, ಕಣಕಿಯ ಸೂಡುಗಳನ್ನು ಬೇರೆ ಬೇರೆ ಎಣಿಸಿರಿ. ಲೆಕ್ಕವನ್ನು ಶಾಲೆಗೆ ಹೋಗುವ ಮಗನೋ ಮಗಳೋ ಬರೆದಿಡಲಿ. ಮಳೆ ವರ್ಷ ವರ್ಷಕ್ಕೆ ಬೇರೆ. ಆದ್ದರಿಂದ ಎರಡು ವರ್ಷ ನೋಡಿರಿ. ತಕ್ಕಡಿ ಹೇಳಿದ ಮಾತನ್ನು ನಂಬಿರಿ. ನಾವು ಹೇಳಿದೆವೆಂದು ನಂಬಬೇಡಿರಿ.

ತಾಯಂದಿರೆ, ವರ್ಷಕ್ಕೆ ಮನೆಗೆ ಎಷ್ಟು ಚೀಲ ಜೋಳ ಬೇಕೆಂಬುದು ನಿಮಗೆ ಗೊತ್ತಿರುವಷ್ಟು ಮತ್ತಾರಿಗೂ ಗೊತ್ತಿಲ್ಲ. ಆ ಚೀಲಗಳ ಲೆಕ್ಕವನ್ನು ಬಿತ್ತುವ ಮೊದಲೇ ಹೇಳಿಬಿಡಿರಿ. ಅದೇ ಮನೆಯ ಗುರಿಯಾಗಲಿ. ಮಡಿ ಎಳೆಯುವ ಸಲಕರಣೆ, ಬೀಜ ಇವುಗಳ ವಿಷಯವನ್ನು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿರಿ.

ಮುಂಗಾರಿಯ ಮೊದಲ ದೊಡ್ಡ ಮಳೆ ಬೀಳುವುದರೊಳಗೆ ಆ ಅರ್ಧ ಎಕರೆಯನ್ನು ಗುರುತು ಮಾಡಿಡಿರಿ.