ಒಳ್ಳೆಯ ಕೆಲಸಕ್ಕೂ ಪರೀಕ್ಷೆ ಬೇಕೆ?

ಅಮೆರಿಕದ ಅನೇಕ ಕಾಲೇಜುಗಳ ಕ್ರೀಡಾಪಟುಗಳು ಬಿಡುವಿನ ವೇಳೆಯಲ್ಲಿ ಹತ್ತಿರದ ಶಾಲೆಗಳಿಗೆ ಹೋಗುತ್ತಾರೆ. ಓದಿನಲ್ಲಿ ಹಿಂದುಳಿದ, ಬಡತನದಿಂದಲೋ ಮನೆಯ ಕಷ್ಟದಿಂದಲೋ ಶಾಲೆ ಬಿಡುವ ಅಪಾಯದಲ್ಲಿರುವ ಮಕ್ಕಳ ಜೊತೆ ಕುಳಿತು ಓದಿಸುತ್ತಾರೆ, ಆಡುತ್ತಾರೆ, ಅವರ ಮಾತು ಕೇಳುತ್ತಾರೆ. ಇಂಥವರಿಗೆ ಮೆಂಟರ್, ಅಂದರೆ ಮಾರ್ಗದರ್ಶಿ ಎಂದು ಹೆಸರು. ಮಕ್ಕಳು ದೂರದಿಂದ ನೋಡಿ ಮೆಚ್ಚಿದ ಆಟಗಾರನೇ ಪಕ್ಕದಲ್ಲಿ ಕುಳಿತು 'ಗಣಿತ ನನಗೂ ಕಷ್ಟವಾಗಿತ್ತು' ಎಂದರೆ ಮಗುವಿಗೆ ಧೈರ್ಯ ಬರುತ್ತದೆ ಎಂಬುದು ಇದರ ಹಿಂದಿನ ನಂಬಿಕೆ.

ನಂಬಿಕೆಯೇನೋ ಒಳ್ಳೆಯದೇ. ಆದರೆ ಇದರಿಂದ ಮಗುವಿಗೆ ನಿಜವಾಗಿಯೂ ಪ್ರಯೋಜನವಾಯಿತೆ? ಆಯಿತು ಎಂದು ತಿಳಿಯುವುದು ಹೇಗೆ? ಈ ಪ್ರಶ್ನೆಗೆ ಥಟ್ಟನೆ ಹೊಳೆಯುವ ಉತ್ತರಗಳು ಮೂರು. ಒಂದೊಂದನ್ನೇ ಪರಿಶೀಲಿಸೋಣ.

ಮೊದಲನೆಯದು, ಮಕ್ಕಳನ್ನೇ ಕೇಳುವುದು. 'ಅಣ್ಣ ಬಂದರೆ ಬಹಳ ಖುಷಿ' ಎಂದು ಅವರು ಹೇಳಬಹುದು. ಕ್ಯಾಮೆರಾದ ಮುಂದೆ ನಗುವ ಮಗು ಎಂದರೆ ನಮ್ಮಂಥ ಕಾರ್ಯಕ್ರಮ ನಿರ್ಮಾಪಕರಿಗೂ ಇಷ್ಟವೇ. ಆದರೆ ಖುಷಿ ಬೇರೆ, ಪ್ರಯೋಜನ ಬೇರೆ.

ಎರಡನೆಯದು, ವರ್ಷದ ಮೊದಲ ಅಂಕಗಳನ್ನು ಕೊನೆಯ ಅಂಕಗಳ ಜೊತೆ ಹೋಲಿಸುವುದು. 30 ಅಂಕ ಪಡೆದಿದ್ದ ಹುಡುಗ 42 ಪಡೆದ ಎಂದಿಟ್ಟುಕೊಳ್ಳಿ. ಇದು ಮಾರ್ಗದರ್ಶಿಯ ಫಲವೆ? ಇಲ್ಲೊಂದು ಬಲೆಯಿದೆ. ನಾವು ಆರಿಸಿದ್ದೇ ತೀರಾ ಕಡಿಮೆ ಅಂಕ ಬಂದವರನ್ನು. ಅವರಲ್ಲಿ ಕೆಲವರಿಗೆ ಪರೀಕ್ಷೆಯ ದಿನ ಜ್ವರವಿದ್ದಿರಬಹುದು, ಮನೆಯಲ್ಲಿ ಜಗಳವಾಗಿದ್ದಿರಬಹುದು. ಮತ್ತೊಮ್ಮೆ ಪರೀಕ್ಷೆ ಕೊಟ್ಟರೆ ಅಂಥವರ ಅಂಕ ತಾನಾಗಿಯೇ ಒಂದಿಷ್ಟು ಏರುತ್ತದೆ. ಇದಕ್ಕೆ 'ಸರಾಸರಿಯತ್ತ ಮರಳುವಿಕೆ' ಎನ್ನುತ್ತಾರೆ. ಫ್ರಾನ್ಸಿಸ್ ಗಾಲ್ಟನ್ ಎಂಬ ಇಂಗ್ಲಿಷ್ ವಿಜ್ಞಾನಿ ತಂದೆತಾಯಿ ಮತ್ತು ಮಕ್ಕಳ ಎತ್ತರವನ್ನು ಅಳೆದು ಇದನ್ನು 1886ರಲ್ಲಿ ವಿವರಿಸಿದ.

ಮೂರನೆಯದು, ಕಾರ್ಯಕ್ರಮಕ್ಕೆ ಸೇರಿದವರನ್ನು ಸೇರದವರ ಜೊತೆ ಹೋಲಿಸುವುದು. ಇದು ಮೊದಲೆರಡಕ್ಕಿಂತ ಮೇಲು. ಆದರೆ ಸೇರಿದವರು ಯಾರು? ಅರ್ಜಿ ತುಂಬಿ ಕೊಡುವಷ್ಟು ಕಾಳಜಿಯುಳ್ಳ ತಾಯಿಯ ಮಕ್ಕಳು. ಆ ಕಾಳಜಿಯ ಫಲವನ್ನು ಮಾರ್ಗದರ್ಶಿಯ ಲೆಕ್ಕಕ್ಕೆ ಬರೆದಂತಾಗುತ್ತದೆ.

ಹಾಗಾದರೆ ದಾರಿ? ಚೀಟಿ ಎತ್ತುವುದು! ಅರ್ಜಿ ಹಾಕಿದ ಎಲ್ಲರ ಹೆಸರನ್ನೂ ಬರೆದು, ಅರ್ಧ ಮಕ್ಕಳನ್ನು ಚೀಟಿಯಿಂದ ಆರಿಸಬೇಕು. ಮಕ್ಕಳ ಸಂಖ್ಯೆ ಸಾಕಷ್ಟಿದ್ದರೆ ಬುದ್ಧಿ, ಬಡತನ, ತಾಯಿಯ ಕಾಳಜಿ, ಅದೃಷ್ಟ ಎಲ್ಲವೂ ಎರಡು ಗುಂಪುಗಳಲ್ಲೂ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತವೆ. ಕೊನೆಗೆ ದೊಡ್ಡ ವ್ಯತ್ಯಾಸ ಕಂಡರೆ ಅದನ್ನು ಕಾರ್ಯಕ್ರಮದ ಫಲವೆನ್ನಬಹುದು. ಇದು ಅನ್ಯಾಯವಲ್ಲವೆ ಎಂದು ನೀವು ಕೇಳಬಹುದು. ಮಾರ್ಗದರ್ಶಿಗಳು ಐವತ್ತು, ಅರ್ಜಿಗಳು ನೂರು ಎಂದಾದಾಗ ಚೀಟಿಗಿಂತ ನ್ಯಾಯವಾದ ದಾರಿ ಯಾವುದಿದೆ?

ಇಂಥ ಪರೀಕ್ಷೆ ಎಷ್ಟು ಅಗತ್ಯವೆಂಬುದನ್ನು ಹಳೆಯ ಪ್ರಯೋಗವೊಂದು ತೋರಿಸಿಕೊಟ್ಟಿತು. ಅದು ಕ್ರೀಡಾಪಟುಗಳದ್ದಲ್ಲ, ಸಂಬಳ ಪಡೆದ ಸಲಹೆಗಾರರದ್ದು. ಬಾಸ್ಟನ್ ಬಳಿಯ ಕೇಂಬ್ರಿಜ್ ಮತ್ತು ಸಾಮರ್‌ವಿಲ್ ಪಟ್ಟಣಗಳಲ್ಲಿ ರಿಚರ್ಡ್ ಕ್ಯಾಬಟ್ ಎಂಬ ವೈದ್ಯರು ಅದನ್ನು ರೂಪಿಸಿದರು. 506 ಹುಡುಗರನ್ನು ಸಮಾನ ಜೋಡಿಗಳಾಗಿ ವಿಂಗಡಿಸಿ, ನಾಣ್ಯ ಚಿಮ್ಮಿ, ಜೋಡಿಯ ಒಬ್ಬನಿಗೆ ಮಾತ್ರ ನೆರವು ಕೊಡಲಾಯಿತು. 1939ರಿಂದ 1945ರವರೆಗೆ ಸಲಹೆಗಾರರು ಮನೆಗೆ ಬಂದರು, ಪಾಠಕ್ಕೆ ನೆರವಾದರು, ಬೇಸಿಗೆ ಶಿಬಿರಗಳಿಗೆ ಕಳಿಸಿದರು.

ಸುಮಾರು ಮೂವತ್ತು ವರ್ಷಗಳ ಬಳಿಕ ಜೋನ್ ಮೆಕಾರ್ಡ್ ಎಂಬ ಸಂಶೋಧಕಿ ಅದೇ ಹುಡುಗರನ್ನು ಹುಡುಕಿ, 1978ರಲ್ಲಿ ಫಲಿತಾಂಶ ಪ್ರಕಟಿಸಿದರು. ನೆರವು ಪಡೆದವರಲ್ಲಿ ಉತ್ತರಿಸಿದ ಮೂರರಲ್ಲಿ ಇಬ್ಬರು 'ನಮಗೆ ಒಳ್ಳೆಯದಾಯಿತು' ಎಂದರು. ದಾಖಲೆಗಳು ಬೇರೆಯೇ ಕಥೆ ಹೇಳಿದವು. ಅವರಲ್ಲಿ ಅಪರಾಧ ಕಡಿಮೆಯಾಗಿರಲಿಲ್ಲ. ಮತ್ತೆ ಮತ್ತೆ ಅಪರಾಧ ಮಾಡಿದವರು, ಮದ್ಯವ್ಯಸನದ ಲಕ್ಷಣವಿದ್ದವರು ನೆರವು ಪಡೆಯದ ಗುಂಪಿಗಿಂತ ಹೆಚ್ಚಾಗಿದ್ದರು! ಹೋಲಿಸಲು ಇನ್ನೊಂದು ಗುಂಪು ಇಲ್ಲದಿದ್ದರೆ ಇದು ಬೆಳಕಿಗೇ ಬರುತ್ತಿರಲಿಲ್ಲ.

ಹಾಗೆಂದು ಮಾರ್ಗದರ್ಶನವೇ ವ್ಯರ್ಥ ಎಂದು ತೀರ್ಮಾನಿಸಬೇಡಿ. 'ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್' ಎಂಬ ಸಂಸ್ಥೆ ಮಕ್ಕಳಿಗೆ ಅಣ್ಣ ಅಥವಾ ಅಕ್ಕನಂಥ ಸ್ವಯಂಸೇವಕರನ್ನು ಜೊತೆ ಮಾಡಿಸುತ್ತದೆ. ಅದರ ಎಂಟು ಶಾಖೆಗಳಲ್ಲಿ 10ರಿಂದ 16 ವಯಸ್ಸಿನ 959 ಮಕ್ಕಳನ್ನು ಚೀಟಿಯ ರೀತಿಯಲ್ಲೇ ಎರಡು ಗುಂಪು ಮಾಡಿ, ಒಂದು ಗುಂಪನ್ನು 18 ತಿಂಗಳು ಕಾಯಿಸಲಾಯಿತು. 1995ರಲ್ಲಿ ವರದಿ ಹೊರಬಂತು. ಜೊತೆಗಾರ ಸಿಕ್ಕ ಗುಂಪಿನಲ್ಲಿ ಮಾದಕ ವಸ್ತು ಸೇವನೆ ಆರಂಭಿಸುವ ಸಂಭವ ಶೇಕಡ 46ರಷ್ಟು ಕಡಿಮೆ, ಶಾಲೆ ತಪ್ಪಿಸಿದ ದಿನಗಳು ಸುಮಾರು ಅರ್ಧದಷ್ಟು.

ಅದೇ ಅಂಕಿಅಂಶಗಳನ್ನು ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ 2002ರಲ್ಲಿ ಮತ್ತೆ ಪರಿಶೀಲಿಸಿದಾಗ ಮುಖ್ಯವಾದ ಸಂಗತಿಯೊಂದು ತಿಳಿಯಿತು. ಒಂದು ವರ್ಷ ಅಥವಾ ಹೆಚ್ಚು ಕಾಲ ಉಳಿದ ಸ್ನೇಹದಿಂದ ಹೆಚ್ಚು ಲಾಭ. ಮೂರು ತಿಂಗಳೊಳಗೇ ಮುರಿದ ಸ್ನೇಹದಿಂದಲೋ, ಮಕ್ಕಳ ಆತ್ಮವಿಶ್ವಾಸ ಕುಗ್ಗಿದಂತೆ ಕಂಡಿತು.

ಈಗ ನಮ್ಮ ಕ್ರೀಡಾಪಟುವಿನ ಕಡೆಗೆ ಬರೋಣ. ಅವನಿಗೆ ಪಂದ್ಯಗಳ ಋತುವಿದೆ, ಪ್ರವಾಸವಿದೆ, ಪರೀಕ್ಷೆಯಿದೆ. ಕಾಲೇಜು ಮುಗಿದರೆ ಊರನ್ನೇ ಬಿಡುತ್ತಾನೆ. ಆದ್ದರಿಂದ ಅವನ ಕಾರ್ಯಕ್ರಮವನ್ನು ಅಳೆಯುವವರು ಅಂಕಗಳ ಜೊತೆಗೆ ಅವನ ಹಾಜರಿಯನ್ನೂ ನೋಡಬೇಕು. ಬರುತ್ತೇನೆಂದ ದಿನಗಳೆಷ್ಟು, ಬಂದ ದಿನಗಳೆಷ್ಟು? ಕೊನೆಯ ದಿನ ಮಗುವಿಗೆ ಹೇಳಿ ಹೋದನೆ? ನಡುವೆ ಬಿಟ್ಟುಹೋದ ಮಕ್ಕಳನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು. ಉಳಿದವರನ್ನಷ್ಟೇ ಎಣಿಸಿದರೆ ಯಾವ ಕಾರ್ಯಕ್ರಮವೂ ಚೆನ್ನಾಗಿಯೇ ಕಾಣುತ್ತದೆ.

ಮೌಲ್ಯಮಾಪನವೆಂದರೆ ಸೇವೆ ಮಾಡುವವರ ಮೇಲಿನ ಅನುಮಾನವಲ್ಲ. ಔಷಧ ಕೊಡುವ ಮುನ್ನ ಅದನ್ನು ಪರೀಕ್ಷಿಸುವುದಿಲ್ಲವೆ? ಇದೂ ಹಾಗೆಯೇ. ನಾಳೆ ನಿಮ್ಮ ಎನ್‌ಎಸ್‌ಎಸ್ ಘಟಕ ಪಕ್ಕದ ಹಳ್ಳಿಯ ಮಕ್ಕಳಿಗೆ ಪಾಠ ಹೇಳಲು ಹೊರಟರೆ, ಒಂದು ನೋಟ್‌ಬುಕ್ಕನ್ನೂ ಜೊತೆಗೆ ಒಯ್ಯಿರಿ. ಹೋದ ದಿನಗಳನ್ನು ಬರೆಯುವಷ್ಟೇ ಪ್ರಾಮಾಣಿಕವಾಗಿ, ಮಕ್ಕಳು ಕಾದು ಕುಳಿತಿದ್ದರೂ ನೀವು ಹೋಗದ ದಿನಗಳನ್ನೂ ಬರೆದಿಡಿ.