ಬಿಲ್ಲು ಓದಲು ಏಕೆ ಸಂಕೋಚ?

ಕೆಲವು ತಿಂಗಳ ಹಿಂದೆ ಮೊಮ್ಮಗಳ ಹುಟ್ಟುಹಬ್ಬಕ್ಕೆಂದು ನಾವು ಆರು ಮಂದಿ ಬೆಂಗಳೂರಿನ ಒಂದು ಹೊಸ ರೆಸ್ಟೊರಾಂಟಿಗೆ ಹೋಗಿದ್ದೆವು. ತಿಂದ ಪದಾರ್ಥಗಳ ಬೆಲೆ 3,000 ರೂಪಾಯಿ. ಬಿಲ್ಲು ಬಂದದ್ದು 3,465 ರೂಪಾಯಿಗೆ. ಸರ್ಕಾರಿ ಸೇವೆಯುದ್ದಕ್ಕೂ ಇತರರ ಲೆಕ್ಕಪತ್ರಗಳಿಗೆ ಆಕ್ಷೇಪಣೆ ಬರೆದ ನಾನು ಆ ಚೀಟಿಯನ್ನು ಬಿಡಿಸಿಯೂ ನೋಡದೆ ಹಣ ಪಾವತಿಸಿ, ಮೇಲೆ ನೂರು ರೂಪಾಯಿ ಟಿಪ್ಸ್ ಇಟ್ಟು ಎದ್ದುಬಂದೆ. ಬೀಗರ ಎದುರು ಬಿಲ್ಲಿನ ಮೇಲೆ ಕಣ್ಣಾಡಿಸುವುದು ಹೇಗೆ ಎಂಬ ಸಂಕೋಚವಲ್ಲದೆ ಅದಕ್ಕೆ ಬೇರೆ ಕಾರಣವಿರಲಿಲ್ಲ.

ಮನೆಗೆ ಬಂದು ಕನ್ನಡಕ ಹಾಕಿಕೊಂಡು ಓದಿದೆ. ಶೇ 10ರ ಸೇವಾ ಶುಲ್ಕ 300 ರೂಪಾಯಿ. ಆ ಶುಲ್ಕವನ್ನೂ ಕೂಡಿಸಿದ ಮೊತ್ತದ ಮೇಲೆ ಶೇ 5ರ ಜಿಎಸ್‌ಟಿ 165 ರೂಪಾಯಿ. ತೆರಿಗೆಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಸೇವಾ ಶುಲ್ಕವು ತೆರಿಗೆಯಲ್ಲ, ಹೋಟೆಲಿನವರು ತಾವಾಗಿ ಸೇರಿಸಿದ ಬಾಬತ್ತು. ಅದಿಲ್ಲದಿದ್ದರೆ ಲೆಕ್ಕ 3,150ಕ್ಕೆ ಮುಗಿಯುತ್ತಿತ್ತು. ಹೀಗೆ ತಾನಾಗಿ ಸೇರಿಸುವಂತಿಲ್ಲ, ಬೇರೊಂದು ಹೆಸರಿನಲ್ಲೂ ವಸೂಲು ಮಾಡುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈನಲ್ಲಿಯೇ ಮಾರ್ಗಸೂಚಿ ಹೊರಡಿಸಿತು. ಹೋಟೆಲ್ ಸಂಘಟನೆಗಳು ಅದೇ ತಿಂಗಳು ತಡೆಯಾಜ್ಞೆ ತಂದವು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಅವುಗಳ ಅರ್ಜಿಗಳನ್ನು ವಜಾ ಮಾಡಿ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಅದರ ಮೇಲೂ ಅವು ಮೇಲ್ಮನವಿ ಸಲ್ಲಿಸಿದವು. ಬಿಟ್ಟುಕೊಡುವ ಮೊತ್ತ ಸಣ್ಣದಲ್ಲ ಎಂಬುದು ಇದರಿಂದಲೇ ತಿಳಿಯುತ್ತದೆ.

ತೆರಿಗೆಯ ಸಾಲನ್ನೂ ಒಮ್ಮೆ ನೋಡುವುದು ಒಳಿತು. ಸಾಮಾನ್ಯ ರೆಸ್ಟೊರಾಂಟುಗಳಲ್ಲಿ, ಹವಾನಿಯಂತ್ರಣ ಇರಲಿ ಬಿಡಲಿ, 2017ರ ನವೆಂಬರ್ 15ರಿಂದ ಜಿಎಸ್‌ಟಿ ಶೇ 5 ಮಾತ್ರ. ದುಬಾರಿ ಕೋಣೆಗಳ ತಾರಾ ಹೋಟೆಲುಗಳ ಮಾತು ಬೇರೆ. ವಾರ್ಷಿಕ ವಹಿವಾಟು ಒಂದೂವರೆ ಕೋಟಿ ರೂಪಾಯಿ ಮೀರದೆ ರಾಜಿ ತೆರಿಗೆ ಪದ್ಧತಿಯನ್ನು ಆರಿಸಿಕೊಂಡಿರುವ ಹೋಟೆಲುಗಳು ತೆರಿಗೆಯನ್ನು ತಮ್ಮ ಕೈಯಿಂದ ಕಟ್ಟಬೇಕೇ ಹೊರತು ಗ್ರಾಹಕನಿಂದ ಪಡೆಯುವಂತಿಲ್ಲ. ನೋಂದಣಿಯೇ ಇಲ್ಲದವರಿಗಂತೂ ಆ ಅಧಿಕಾರವೇ ಇಲ್ಲ. ಬಿಲ್ಲಿನಲ್ಲಿ ಜಿಎಸ್‌ಟಿ ಸಂಖ್ಯೆಯಿಲ್ಲದೆ ಜಿಎಸ್‌ಟಿ ಮೊತ್ತ ಮಾತ್ರ ಇದ್ದರೆ ಕೇಳಲೇಬೇಕು.

ಇನ್ನು ನೀರು. ಕುಳಿತ ಕೂಡಲೇ ‘ಬಾಟಲಿ ನೀರೇ, ಸಾದಾ ನೀರೇ?’ ಎಂಬ ಪ್ರಶ್ನೆ ಬರುತ್ತದೆ. ಸಾದಾ ಎನ್ನಲು ನಾಲಗೆ ತಡವರಿಸುತ್ತದೆ. ಬಾಟಲಿಯ ಮೇಲೆ ಮುದ್ರಿಸಿದ ಗರಿಷ್ಠ ಬೆಲೆ ಇಲ್ಲಿ ನಮ್ಮನ್ನು ಕಾಯುವುದಿಲ್ಲ. ಹೋಟೆಲಿನವರು ಅದಕ್ಕಿಂತ ಹೆಚ್ಚು ಪಡೆಯಬಹುದೆಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲಿ ತೀರ್ಪು ನೀಡಿತು. ಬಿಸಿನೀರು ಕೇಳಿದರೆ ಮರ್ಯಾದೆಯೂ ಉಳಿಯುತ್ತದೆ, ಹಣವೂ ಉಳಿಯುತ್ತದೆ.

ದೊಡ್ಡ ಉಳಿತಾಯವಿರುವುದು ನಾವು ಎಲ್ಲಿ ಕೂರುತ್ತೇವೆ ಎಂಬುದರಲ್ಲಿ. ನಮ್ಮ ಊರಿನ ಎಷ್ಟೋ ಹೋಟೆಲುಗಳಲ್ಲಿ ಅಡುಗೆಮನೆ ಒಂದೇ, ದರಪಟ್ಟಿ ಎರಡು. ಕೆಳಗೆ ಟೋಕನ್ ಪಡೆದು ನಿಂತು ತಿನ್ನುವ ಮಸಾಲೆ ದೋಸೆಯೇ ಮಹಡಿಯ ಎಸಿ ಹಾಲಿನಲ್ಲಿ ಬೇರೊಂದು ಬೆಲೆಗೆ ಬರುತ್ತದೆ. ಅದೇ ಹಿಟ್ಟು, ಅದೇ ಕಾವಲಿ. ಹೆಚ್ಚಿನ ಹಣ ಕುರ್ಚಿಗೆ, ತಂಪಿಗೆ, ತಂದುಕೊಡುವ ಕೈಗೆ. ಇದು ಅನ್ಯಾಯವಲ್ಲ, ಬಾಡಿಗೆಯ ಜಾಗದಲ್ಲಿ ಒಬ್ಬ ಗಿರಾಕಿ ಎಷ್ಟು ಹೊತ್ತು ಇರುತ್ತಾನೆ ಎಂಬುದೇ ಹೋಟೆಲಿನ ಅರ್ಥಶಾಸ್ತ್ರ. 1983ರಲ್ಲಿ ಜಯನಗರದಲ್ಲಿ ತೆರೆದ ಕೆಫೆ ದರ್ಶಿನಿ ಈ ಲೆಕ್ಕವನ್ನೇ ತಿರುಗಿಸಿ, ಕುರ್ಚಿಗಳನ್ನು ತೆಗೆದುಹಾಕಿ, ಊರಿಗೆಲ್ಲ ಅಗ್ಗದ ತಿಂಡಿಯ ದಾರಿ ತೋರಿಸಿತು. ಮಂಡಿನೋವಿನವರು ಮೇಲೆ ಕೂರಲಿ. ಕಾಫಿಗಾಗಿ ಹತ್ತು ನಿಮಿಷ ಬಂದವರು ಕುರ್ಚಿಯ ಬಾಡಿಗೆ ಏಕೆ ಕೊಡಬೇಕು? ಮನೆಗೆ ತರಿಸಿಕೊಳ್ಳುವ ಊಟದ ವಿಷಯವೂ ಇಷ್ಟೇ: ಮೊಬೈಲಿನಲ್ಲಿ ತೋರುವ ಬೆಲೆಯನ್ನು ಹೋಟೆಲಿನ ಫಲಕದೊಡನೆ ಒಮ್ಮೆ ಹೋಲಿಸಿ, ಪ್ಯಾಕಿಂಗ್, ಪ್ಲಾಟ್‌ಫಾರ್ಮ್, ಸಾಗಣೆಯ ಶುಲ್ಕಗಳನ್ನು ಕೂಡಿಸಿದರೆ, ಅರ್ಧ ಕಿಲೋಮೀಟರ್ ನಡೆದುಹೋಗಿ ಪಾರ್ಸೆಲ್ ತರುವ ಉತ್ಸಾಹ ಬರುತ್ತದೆ. ಸಾಂಬಾರಿಗೆ ಮನೆಯಿಂದಲೇ ಸ್ಟೀಲ್ ಡಬ್ಬ ಒಯ್ಯುತ್ತಿದ್ದ ಪದ್ಧತಿಯನ್ನು ನಾವೇಕೆ ಬಿಟ್ಟೆವೋ ತಿಳಿಯದು.

ಉಳಿಸಬಾರದ ಒಂದು ಬಾಬತ್ತೂ ಉಂಟು. ಎರಡನೆಯ ಸಲ ಅದೇ ರೆಸ್ಟೊರಾಂಟಿಗೆ ಬೀಗರೊಡನೆಯೇ ಹೋದಾಗ, ಬಡಿಸಿದ ಹುಡುಗನನ್ನು ಸೇವಾ ಶುಲ್ಕದಲ್ಲಿ ಅವನಿಗೆಷ್ಟು ಎಂದು ಮೆಲ್ಲಗೆ ವಿಚಾರಿಸಿದೆ. ತನಗೆ ಸಂಬಳವೊಂದೇ ಎಂದ. ಮ್ಯಾನೇಜರರನ್ನು ಕರೆದು ಆ ಸಾಲನ್ನು ತೆಗೆದುಕೊಡಿ ಎಂದೆ. ದನಿ ಏರಿಸಲಿಲ್ಲ, ಕಾನೂನನ್ನೂ ಹೇಳಲಿಲ್ಲ. ಅವರೂ ವಾದಿಸದೆ ಹೊಸ ಬಿಲ್ಲು ತಂದರು. ಕೇಳುವವರಿಗೆಂದು ಅದು ಸಿದ್ಧವೇ ಇದ್ದಂತೆ ತೋರಿತು. ಉಳಿದ ಹಣದಲ್ಲಿ ನೂರೈವತ್ತನ್ನು ಹುಡುಗನ ಕೈಯಲ್ಲೇ ಇಟ್ಟೆ.

ಒಪ್ಪದೆ ಹಟ ಮಾಡುವವರೂ ಇರಬಹುದು. ಆಗ ಬಿಲ್ಲನ್ನು ಜೋಪಾನವಾಗಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಹೊರಬರುವಾಗ ಬೀಗರು ಆ ಸಂಖ್ಯೆಯನ್ನು ನನ್ನಿಂದ ಕೇಳಿ ತಮ್ಮ ಫೋನಿನಲ್ಲಿ ಬರೆದುಕೊಂಡರು.